ನಾಚಾರಂಗೆ ಒಯ್ದ ಸಿಂಬಿ

ಕೃಷ್ಣೆಯ ಸೇತುವೆ

ರಾಯಚೂರು ಬಿಟ್ಟ ರೈಲು ಕೃಷ್ಣೆಯ ಸೇತುವೆ ಹತ್ತಿದ ಕೂಡಲೇ ನಮ್ಮ ಡಬ್ಬಿಯ ಹೆಂಗಸರೆಲ್ಲ ಕಿಟಕಿಗೆ ಬಂದರು. ಒಬ್ಬಳು ನಾಣ್ಯ ಎಸೆದಳು, ಇನ್ನೊಬ್ಬಳು ಅರಿಶಿನ ಕುಂಕುಮದ ಪೊಟ್ಟಣ ಎಸೆದಳು. ಎದುರು ಕೂತಿದ್ದವಳು ನನ್ನನ್ನು ನೋಡಿ, "ಯಜ್ಜಾ, ನೀವೇನೂ ಹಾಕಂಗಿಲ್ಲೇನ್ರಿ? ಹೊಳಿ ದಾಟಿದ್ರ ಪರದೇಶ ನೋಡ್ರಿ" ಎಂದು ನಕ್ಕಳು.

ನನ್ನ ಕೈ ಚೀಲದೊಳಗಿತ್ತು. ಚೀಲದಲ್ಲಿ ಒಂದು ಜೊತೆ ಬಟ್ಟೆ, ಬಿಪಿ ಗುಳಿಗೆ ಮತ್ತು ಒಂದು ಸಿಂಬಿ. ಮಣ್ಣಿನ ಬುಟ್ಟಿ ಹೊರುವಾಗ ನೆತ್ತಿ ನೋಯದಂತೆ ತಲೆಯ ಮೇಲೆ ಇಟ್ಟುಕೊಳ್ಳುವ ಬಟ್ಟೆಯ ಸುರುಳಿ. ಹಳೇ ಸೀರೆ ಹರಿದು, ಹೊಸೆದು, ಬಳೆಯಂತೆ ಸುತ್ತಿ ದಾರ ಬಿಗಿದು ಮಾಡುತ್ತಾರೆ. ಇದು ಹಸಿರು ಸೀರೆಯದು. ಈಗ ಮಣ್ಣಿನ ಬಣ್ಣವಾಗಿದೆ, ಮಡಿಕೆ ಬಿಡಿಸಿದರೆ ಮಾತ್ರ ಹಸಿರು ಕಾಣುತ್ತದೆ. ಕಿಟಕಿಯಿಂದ ಎಸೆದುಬಿಟ್ಟರೆ ಹೊಳೆ ಒಯ್ಯುತ್ತದೆ, ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಮನೆಗೆ ಹೋಗಬಹುದು ಎಂದು ಯೋಚಿಸಿದೆ. ಸೇತುವೆ ಉದ್ದವಿತ್ತು, ಯೋಚಿಸಲು ಸಾಕಷ್ಟು ಹೊತ್ತು ಸಿಕ್ಕಿತು. ಎಸೆಯಲಿಲ್ಲ. ಇದನ್ನು ಧೈರ್ಯವೆಂದು ತಿಳಿಯಬೇಡಿ. ಆ ಹೆಂಗಸು ನೋಡುತ್ತಿದ್ದಳು, ಅಷ್ಟೆ.

ಹೈದರಾಬಾದಿಗೆ ಹೋಗಿಬಂದವರು ಚಾರ್ಮಿನಾರಿನ ಬಗ್ಗೆ, ಬಿರಿಯಾನಿಯ ಬಗ್ಗೆ ಬರೆಯುತ್ತಾರೆ. ನಾನು ಎರಡನ್ನೂ ನೋಡದೆ ಬಂದವನು. ನಾನು ಹೋದದ್ದು ನಾಚಾರಂ ಎಂಬ ಕಾರ್ಖಾನೆಗಳ ಬಡಾವಣೆಗೆ. ಅಲ್ಲಿ ಒಂದು ಮುಚ್ಚಿದ ಕಾರ್ಖಾನೆಯ ಶೆಡ್ಡಿನಲ್ಲಿ ಆ ಪ್ರದೇಶದ ಹಳೇ ಕಾಲವನ್ನು ಹೇಳುವ ಸಣ್ಣ ಮ್ಯೂಸಿಯಂ ಮಾಡಿದ್ದಾರೆ. ಭಾನುವಾರ ಜನರನ್ನು ಸುತ್ತಿಸಿ ತೋರಿಸುತ್ತಾರೆ. ಆಗಾಗ ಒಂದು ಭಾನುವಾರ ಕನ್ನಡದಲ್ಲಿ. ರಾಯಚೂರು, ಯಾದಗಿರಿ ಕಡೆಯಿಂದ ದುಡಿಯಲು ಹೋದವರು ಅಲ್ಲಿ ತುಂಬ ಇದ್ದಾರೆ. ಮೊದಮೊದಲು ಹೋದವರಲ್ಲಿ ನಾನೊಬ್ಬ. ಹತ್ತನೇ ತರಗತಿ ಪಾಸಾಗಿದ್ದೆ, ತೆಲುಗು ಉರ್ದು ಬರುತ್ತಿತ್ತು. ಹಾಗಾಗಿ ನಮ್ಮೂರ ಜನ ನನ್ನ ಬೆನ್ನು ಹಿಡಿದು ಬಂದರು. ನಾನು ಅವರ ಮೇಸ್ತ್ರಿಯಾದೆ.

ಹೋದ ತಿಂಗಳು ಮ್ಯೂಸಿಯಮ್ಮಿನ ಗೈಡ್ ಅನಸೂಯಾ ಎಂಬ ಹುಡುಗಿ ಫೋನ್ ಮಾಡಿದಳು. "ನೀವು ಬಂದು ನಾಲ್ಕು ಮಾತು ಹೇಳ್ರಿ ಸರ. ಹಳೇ ವಸ್ತು ಏನರ ಇದ್ರ ತರ್ರಿ. ನಿಮ್ಮ ನಂಬರ್ ಈರಮ್ಮ ಕೊಟ್ಟಾರ್ರಿ, ನಿಮ್ಮ ಊರಾಕೀನ. ಇಲ್ಲೇ ಗುಳಿಗಿ ಫ್ಯಾಕ್ಟರಿಯೊಳಗ ಪ್ಯಾಕಿಂಗ್ ಮಾಡ್ತಾರ. ನಮ್ಮ ಕನ್ನಡ ಟೂರಿಗೆ ಮಂದೀನ ಕರಕೊಂಡು ಬರೋರು ಅವರ."

ಈರಮ್ಮ ಎಂದರೆ ಹುಲಿಗೆಮ್ಮನ ಮಗಳು. ಹುಲಿಗೆಮ್ಮ ನನ್ನ ಗುಂಪಿನಲ್ಲಿ ಮಣ್ಣು ಹೊರುತ್ತಿದ್ದಳು. ಗಂಡ ಸತ್ತಿದ್ದ, ಮಗು ಊರಲ್ಲಿ ಅಜ್ಜಿಯ ಬಳಿ ಇತ್ತು. ಮೂವತ್ತು ವರ್ಷದ ಮೇಲಾಯಿತು, ನಾನು ಊರಿಗೆ ಹೋಗಿ ಚಾವಡಿಯ ಮುಂದೆ ಎಲ್ಲರೆದುರು, ಅವಳು ಯಾರೋ ತೆಲುಗು ಲಾರಿ ಡ್ರೈವರನ ಜೊತೆ ಓಡಿಹೋದಳು, ನಾನೇ ಕಣ್ಣಾರೆ ಕಂಡೆ ಎಂದು ಹೇಳಿದೆ. ಅವಳು ಓಡಿಹೋಗಲಿಲ್ಲ. ನಾಚಾರಂನಲ್ಲಿ ಪೈಪಿನ ಕಂದಕ ಜರಿದು ಅದರ ಕೆಳಗೆ ಸತ್ತಳು. ಅಲ್ಲೇ ಇದ್ದಾಳೆ. ಅದನ್ನು ಅವಳ ಮಗಳಿಗೆ ಹೇಳಲು ನಾನು ಹೊರಟಿದ್ದೆ.

ಕಾಚಿಗೂಡ

ಪ್ಲಾಟ್‌ಫಾರ್ಮಿಗೆ ಕಾಲಿಡುವಾಗಲೇ ಚಪ್ಪಲಿಯ ಉಂಗುಟ ಕಿತ್ತಿತು. ಒಂದು ಕಾಲು ಎಳೆಯುತ್ತ ಸ್ಟೇಷನ್ ಎದುರಿನ ಲಾಡ್ಜಿಗೆ ಹೋದೆ. ಹೈದರಾಬಾದಿನವರ ಒಂದು ಅಭ್ಯಾಸ ಬದಲಾಗಿಲ್ಲ. ದಾರಿ ಕೇಳಿದರೆ ಗೊತ್ತಿಲ್ಲ ಎಂದು ಯಾರೂ ಹೇಳುವುದಿಲ್ಲ. "ಸೀದಾ" ಎನ್ನುತ್ತಾರೆ. ನಮ್ಮೂರಲ್ಲಾದರೆ ಮೊದಲು ನಿನ್ನ ಕುಲ ಗೋತ್ರ ಕೇಳಿ, ಆಮೇಲೆ ಗೊತ್ತಿಲ್ಲ ಎನ್ನುತ್ತಾರೆ.

ಲಾಡ್ಜಿನ ಮ್ಯಾನೇಜರ್ ಕಲಬುರಗಿಯವ. ನನ್ನ ಮಾತು ಕೇಳಿದ್ದೇ ತೆಲುಗು ಬಿಟ್ಟು ಕನ್ನಡಕ್ಕೆ ಇಳಿದ.

"ಏನ್ ಯಜಮಾನ್ರ, ದವಾಖಾನಿಗೋ, ಕೋರ್ಟಿಗೋ, ಮದುವಿಗೋ?"

"ಮ್ಯೂಸಿಯಂ ನೋಡಾಕ. ನಾಚಾರಂದಾಗ."

"ನಾಚಾರಂದಾಗ ಮ್ಯೂಸಿಯಮ್ಮಾ? ಅಲ್ಲೇನೈತ್ರಿ, ಉಪ್ಪಿನಕಾಯಿ ಫ್ಯಾಕ್ಟರಿ, ಗುಳಿಗಿ ಫ್ಯಾಕ್ಟರಿ. ಹಳೇದು ನೋಡಬೇಕಂದ್ರ ಅಷ್ಟು ದೂರ ಯಾಕ, ಇಲ್ಲೇ ಕನ್ನಡಿಯೊಳಗ ನೋಡ್ಕೋರಿ!"

ತನ್ನ ಮಾತಿಗೆ ತಾನೇ ಬಿದ್ದು ಬಿದ್ದು ನಕ್ಕ. ನಾನೂ ನಕ್ಕೆ. ಕೋಣೆಯಲ್ಲಿ ನಿಜವಾಗಿಯೂ ಕನ್ನಡಿ ಇತ್ತು. ಟವೆಲ್ ಹಾಕಿ ಮುಚ್ಚಿದೆ.

ಸಿಂಬಿ ನನ್ನ ಬಳಿ ಯಾಕೆ ಉಳಿಯಿತು ಎಂದು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಮಣ್ಣು ಹೊರುವ ಹೆಂಗಸರಲ್ಲಿ ಒಂದು ರೂಢಿಯಿದೆ. ಒಬ್ಬರ ಸಿಂಬಿಯನ್ನು ಇನ್ನೊಬ್ಬರು ತಲೆಯ ಮೇಲೆ ಇಡುವುದಿಲ್ಲ. ಕೆಲಸ ಬಿಟ್ಟು ಹೋಗುವಾಗ ಬುಟ್ಟಿ, ಸಲಿಕೆ ಬಿಟ್ಟುಹೋಗುತ್ತಾರೆ, ಅವು ಗುತ್ತಿಗೆದಾರನವು. ಸಿಂಬಿಯನ್ನು ಮಾತ್ರ ಸೊಂಟಕ್ಕೆ ಸಿಕ್ಕಿಸಿಕೊಂಡೇ ಹೋಗುತ್ತಾರೆ. ಜಗಳಾಡಿ ಹೋಗುವವಳೂ, ಕದ್ದು ಓಡುವವಳೂ ಅದನ್ನು ಬಿಡುವುದಿಲ್ಲ. ಸಿಂಬಿ ಉಳಿದಿದೆ ಎಂದರೆ ಹೊತ್ತವಳು ಇಲ್ಲವೆಂದೇ ಅರ್ಥ. ಅವತ್ತು ಹುಲಿಗೆಮ್ಮನ ಸಿಂಬಿ ಕಂದಕದ ದಂಡೆಯ ಮೇಲಿತ್ತು. ಉಳಿದ ಹೆಂಗಸರು ಅದನ್ನು ಕಂಡಿದ್ದರೆ ನನ್ನ ಲಾರಿ ಡ್ರೈವರನ ಕಥೆ ಒಂದು ಗಳಿಗೆ ನಿಲ್ಲುತ್ತಿರಲಿಲ್ಲ. ಅದಕ್ಕೇ ಅಂಗಿಯೊಳಗೆ ಮುಚ್ಚಿಟ್ಟುಕೊಂಡೆ. ಆಮೇಲೆ ಟ್ರಂಕಿಗೆ ಹಾಕಿದೆ. ಸುಡಲು ಎರಡು ಸಲ ಹಿತ್ತಲಿಗೆ ಒಯ್ದು ವಾಪಸ್ ತಂದಿದ್ದೇನೆ.

ನನ್ನ ಹೆಂಡತಿ ನಾಗಮ್ಮ ಅದನ್ನು ಯಾವಾಗಲೋ ಕಂಡಿದ್ದಳು. ತೀರಿಕೊಳ್ಳುವ ವರ್ಷ, ಒಂದು ಮಧ್ಯಾಹ್ನ ಅಕ್ಕಿ ಆರಿಸುತ್ತ ಕೂತವಳು ತಲೆ ಎತ್ತದೆ ಹೇಳಿದಳು: "ಟ್ರಂಕಿನಾಗಿಂದು ಯಾರದಂತ ನಾ ಕೇಳಂಗಿಲ್ಲ. ಯಾರಿಗೆ ಹೇಳಬೇಕೋ ಅವರಿಗೆ ಹೇಳ್ರಿ." ಮತ್ತೆ ಆ ಮಾತು ಎತ್ತಲಿಲ್ಲ.

ನಾಚಾರಂ, ಬಾಗಿಲ ಬಳಿಯ ಮೇಜು

ಶೆಡ್ಡಿನ ಬಾಗಿಲಲ್ಲಿ ಈರಮ್ಮ ನಿಂತಿದ್ದಳು. ನಾನು ಗುರುತಿಸುವ ಮೊದಲೇ ಅವಳು ಗುರುತಿಸಿದಳು.

"ಬರ್ರಿ ಬರ್ರಿ ಮೇಸ್ತ್ರಿ ಕಾಕಾ! ಗುರುತ ಸಿಕ್ಕಿಲ್ಲೇನು? ನಾನ್ರೀ, ಓಡಿ ಹೋದ ಹುಲಿಗೆವ್ವನ ಮಗಳು." ನನ್ನ ಮುಖ ನೋಡಿ ನಕ್ಕಳು. "ನಾನ ಮೊದಲ ಹೇಳಿಬಿಡ್ತೀನ್ರಿ. ಮಂದಿಗೆ ಹೇಳೂ ತ್ರಾಸು ಬ್ಯಾಡಂತ."

ನಲವತ್ತರ ಹತ್ತಿರದ ಹೆಂಗಸು. ತಾಯಿಯದೇ ಅಗಲ ಹಣೆ. ನನ್ನ ಕಿತ್ತ ಚಪ್ಪಲಿ ಕಂಡು, "ಅಯ್ಯ ಶಿವನ, ಹಿಂಗ ಕಾಲ ಎಳಕೊಂಡು ಬಂದೀರಿ?" ಎಂದು ತನ್ನ ಸೆರಗಿನ ಪಿನ್ನು ತೆಗೆದು ಬಗ್ಗಿ ಉಂಗುಟಕ್ಕೆ ಚುಚ್ಚಿಕೊಟ್ಟಳು. ನಾನು ಬೇಡವೆನ್ನುವಷ್ಟರಲ್ಲಿ ಅವಳ ಕೈ ನನ್ನ ಕಾಲ ಮೇಲಿತ್ತು.

ಒಳಗೆ ಮೇಜಿನ ಹಿಂದೆ ಅನಸೂಯಾ. ಅವಳ ಅಜ್ಜ ವಿಜಯಪುರದ ಕಡೆಯಿಂದ ಬಂದು ಕಾಚಿಗೂಡದಲ್ಲಿ ಅಂಗಡಿ ಇಟ್ಟವರಂತೆ. ಜನ ತಂದ ವಸ್ತುಗಳಿಗೆ ಸಣ್ಣ ಚೀಟಿ ಬರೆದು ಮೇಜಿನ ಮೇಲೆ ಇಡುವುದು ಅವರ ಪದ್ಧತಿ. ನಾನು ಚೀಲದಿಂದ ಸಿಂಬಿ ತೆಗೆದೆ.

"ಅರೆ ವಾ! ಸಿಂಬಿ! ಇದನ್ನ ಇಲ್ಲಿತನಕ ಯಾರೂ ತಂದಿದ್ದಿಲ್ರಿ. ಯಾರದು ಸರ?"

ಪೆನ್ನು ಹಿಡಿದು ಕಾಯುತ್ತಿದ್ದಳು. ಪಕ್ಕದಲ್ಲಿ ಈರಮ್ಮ ನನ್ನ ಚೀಲ ಹಿಡಿದುಕೊಂಡಿದ್ದಳು. ಹೇಳಬೇಕಾದ ಹೆಸರು ನಾಲಿಗೆಯ ಮೇಲಿತ್ತು. ರೈಲಿನುದ್ದಕ್ಕೂ ಅದನ್ನೇ ಹೇಳಿಕೊಂಡು ಬಂದಿದ್ದೆ.

"ನನ್ನ ಹೆಂಡ್ತೀದು" ಎಂದೆ.

ಅನಸೂಯಾ ಹೆಸರು ಕೇಳಿಕೊಂಡು ಬರೆದಳು: "ಸಿಂಬಿ. ಮಣ್ಣು ಹೊತ್ತ ನಾಗಮ್ಮ ಅವರದು." ನನ್ನ ನಾಗಮ್ಮ ಒಂದು ದಿನವೂ ಮಣ್ಣು ಹೊತ್ತವಳಲ್ಲ. ಸತ್ತ ಮೇಲೆ ಹೊರಿಸಿದೆ.

ಒಳಗಿನ ಸುತ್ತು

ಇಪ್ಪತ್ತು ಇಪ್ಪತ್ತೈದು ಜನರಿದ್ದರು. ಕನ್ನಡದವರು ಹೆಚ್ಚು, ಅವರ ಮಕ್ಕಳು ತೆಲುಗಿನಲ್ಲೇ ಪಿಸುಗುಡುವವರು. ಒಬ್ಬಳ ಗಂಡ ತೆಲುಗಿನವ, ನರಸಿಂಹುಲು ಎಂದು. ಅವನಿಗಾಗಿ ಅನಸೂಯಾ ಪ್ರತಿಯೊಂದನ್ನೂ ಕನ್ನಡದಲ್ಲಿ ಹೇಳಿ, ಮತ್ತೆ ತೆಲುಗಿನಲ್ಲಿ ಹೇಳುತ್ತಿದ್ದಳು. ನಮ್ಮ ಕಡೆಯ ಮ್ಯೂಸಿಯಮ್ಮುಗಳಲ್ಲಿ "ಮುಟ್ಟಬೇಡಿ" ಎಂಬ ಫಲಕವೇ ದೊಡ್ಡದು. ಇಲ್ಲಿ ಎಲ್ಲವನ್ನೂ ಮುಟ್ಟಿಸುತ್ತಾರೆ. ಕಬ್ಬಿಣ ಕಡೆಯುವ ಹಳೇ ಲೇತ್ ಯಂತ್ರದ ಚಕ್ರ ತಿರುಗಿಸಿ ನೋಡಬಹುದು. ಕಾರ್ಮಿಕರ ಊಟದ ಡಬ್ಬಿಗಳ ಮುಚ್ಚಳ ತೆಗೆಯಬಹುದು.

ಒಂದು ಮೂಲೆಯಲ್ಲಿ ಕೈಯಿಂದ ತಿರುಗಿಸುವ ಸೈರನ್ ಇತ್ತು. "ಇದು ಊಟದ ಸೈರನ್. ಇದು ಕೂಗಿದ್ರ ಇಡೀ ಇಂಡಸ್ಟ್ರಿಯಲ್ ಎಸ್ಟೇಟು ಕೆಲಸ ನಿಲ್ಲಿಸ್ತಿತ್ತು" ಎಂದು ಹೇಳಿ ಅನಸೂಯಾ ತಿರುಗಿಸಿದಳು. ಎಲ್ಲರೂ ಕಿವಿ ಮುಚ್ಚಿಕೊಂಡು ನಕ್ಕರು. ನಾನು ಗೋಡೆ ಹಿಡಿದುಕೊಂಡೆ. ಅವತ್ತೂ ಇದು ಕೂಗಿತ್ತು. ಜನ ಬುಟ್ಟಿ ಇಳಿಸಿ ನೆರಳಿಗೆ ಹೋದರು. ಕಂದಕದಲ್ಲಿ ಎರಡು ಸಲಿಕೆ ಉಳಿದಿದ್ದವು. "ಹುಲಿಗೆವ್ವಾ, ಆ ಸಲಿಕಿ ತಂದು ಹೋಗು" ಎಂದವನು ನಾನು. ಹಿಂದಿನ ದಿನ ಮಳೆ ಬಂದಿತ್ತು. ಕಂದಕದ ಬದಿ ಜರಿಯದಂತೆ ಹಲಗೆ ಕೊಡಬೇಕೆಂದು ನನಗೆ ಗೊತ್ತಿತ್ತು, ಹೊತ್ತಾಗುತ್ತದೆಂದು ಕೊಟ್ಟಿರಲಿಲ್ಲ. ಅವಳು ಸಿಂಬಿ ದಂಡೆಯ ಮೇಲಿಟ್ಟು ಇಳಿದಳು. ಮಣ್ಣು ಜರಿಯುವಾಗ ದೊಡ್ಡ ಸದ್ದೇನೂ ಬರುವುದಿಲ್ಲ. ಯಾರೋ ಮೂಟೆ ಇಳಿಸಿದಂತೆ, ಅಷ್ಟೆ. ನಾನು ಗುತ್ತಿಗೆದಾರನ ಆಫೀಸಿಗೆ ಓಡಿದೆ. ಅವನು ಮೊದಲು ಬಾಗಿಲು ಹಾಕಿದ. ನಮ್ಮ ಗುಂಪನ್ನು ಊಟಕ್ಕೆ ಕೂತಲ್ಲಿಂದಲೇ ಲಾರಿ ಹತ್ತಿಸಿ ಲಿಂಗಂಪಲ್ಲಿಯ ಬೇರೆ ಕೆಲಸಕ್ಕೆ ಸಾಗಿಸಿದರು. ಜರಿದ ಮಣ್ಣು ತೆಗೆಸದೆ ಅದರ ಮೇಲೆಯೇ ಪೈಪು ಇಳಿಸಿ ಬೇರೆಯವರು ಮಣ್ಣು ಎಳೆದರು. ಆ ಗುತ್ತಿಗೆದಾರ ಈಗ ಇಲ್ಲ. ನಾನಿದ್ದೇನೆ.

ಸುತ್ತು ಮುಗಿದು ಮೇಜಿನ ಬಳಿ ಬಂದೆವು. ಅನಸೂಯಾ ಸಿಂಬಿ ಎತ್ತಿ ತೋರಿಸಿ ನಾಗಮ್ಮನ ಬಗ್ಗೆ ಹೇಳಿದಳು. ನನ್ನ ಒಂದು ಮಾತಿನಿಂದ ಅವಳು ಇಡೀ ಒಂದು ಬಾಳು ಕಟ್ಟಿದ್ದಳು: ಗಂಡ ಅಗೆಯುತ್ತಿದ್ದ, ಹೆಂಡತಿ ಹೊರುತ್ತಿದ್ದಳು. ಹೆಂಗಸರು ಲೊಚಗುಟ್ಟಿದರು. ಆಮೇಲೆ, "ಈರಮ್ಮಾ, ನೀವು ತಲಿ ಮ್ಯಾಲ ಇಟ್ಕೊಂಡು ಈ ಬುಟ್ಟಿ ಎತ್ತಿ ತೋರಸ್ರಿ" ಎಂದಳು.

ಈರಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. "ಏ ಇಲ್ಲವ್ವ! ಮಂದಿ ಸಿಂಬಿ ಇಟ್ಕೋಬಾರದು. ಹೆತ್ತಾಕೀದಾದ್ರ ನಡೀತೈತಿ. ಅದೂ ಹೆತ್ತಾಕಿ ಸತ್ತಿದ್ರ." ಆಮೇಲೆ ನನ್ನ ಮನಸ್ಸಿಗೆ ನೋವಾದೀತೆಂದು, "ತಪ್ಪು ತಿಳೀಬ್ಯಾಡ್ರಿ ಕಾಕಾ. ಕಾಕಿ ಪುಣ್ಯವಂತಿ" ಎಂದಳು.

ಆಗ ಹೇಳಬಹುದಿತ್ತು. ಸಿಂಬಿ ಅವಳ ಕೈಯಳತೆಯಲ್ಲೇ ಇತ್ತು. ಹೇಳಲಿಲ್ಲ.

ಮಜ್ಜಿಗೆ ಕೊಟ್ಟರು. ಈರಮ್ಮ ಲೋಟ ಹಿಡಿದು ನನ್ನ ಪಕ್ಕ ಬೆಂಚಿಗೆ ಬಂದು ಕೂತಳು.

"ಕಾಕಾ, ಒಂದು ಮಾತು ಕೇಳ್ತೀನ್ರಿ. ಇಲ್ಲಿ ಹಳೇ ಮಂದಿ ಬರ್ತಾರಂತ ನಾ ಪ್ರತಿ ಸಲ ಬರ್ತೀನಿ. ಎಲ್ಲಾರನ್ನೂ ಕೇಳೀನಿ. ಖರೇ ಕಂಡಾವ್ರು ನೀವೊಬ್ರ. ಆ ಡ್ರೈವರ್ ಹೆಂಗಿದ್ದ? ಬಡಿಯಾಂವನಂಗ ಇದ್ನೇನು?"

ನಾನು ಮಜ್ಜಿಗೆಯನ್ನು ಒಂದೇ ಗುಟುಕಿಗೆ ಕುಡಿದೆ.

"ನನಗೇನು ಸಿಟ್ಟಿಲ್ರಿ ಈಗ. ಸಣ್ಣಾಕಿದ್ದಾಗ ಇತ್ತು. ಓಡಿ ಹೋದಾಕಿ ಮಗಳಂತ ಎರಡನೇ ಸಂಬಂಧಕ್ಕ ಕೊಟ್ರು ನನ್ನ. ಹೋಗ್ಲಿ. ಗಂಡಿಲ್ಲದಾಕಿ, ಹೋದ್ರ ಹೋದ್ಲು, ಸುಖದಾಗ ಇರ್ಲಿ. ಬರೇ ಇಷ್ಟ ಹೇಳ್ರಿ. ಹೋಗೂ ಮುಂದ ನನ್ನ ಹೆಸರು ತಗದ್ಲೇನು?"

"ತಗದಳವ್ವ" ಎಂದೆ.

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಸಾಕ್ ಬಿಡ್ರಿ" ಎಂದು ನಕ್ಕು ನನ್ನ ಖಾಲಿ ಲೋಟ ಇಸಿದುಕೊಂಡು ತೊಳೆಯಲು ಹೋದಳು. ಸುಳ್ಳಿನಿಂದ ಒಬ್ಬರಿಗೆ ಅಷ್ಟು ಸಮಾಧಾನವಾದದ್ದನ್ನು ನಾನು ಅಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ.

ಹೊರಗಿನ ನಡಿಗೆ

ಕೊನೆಗೆ ಎಲ್ಲರನ್ನೂ ರಸ್ತೆಯಲ್ಲಿ ನಡೆಸಿ ಹಳೇ ಜಾಗಗಳನ್ನು ತೋರಿಸುತ್ತಾರೆ. ನಾಚಾರಂ ನನಗೆ ಗುರುತೇ ಸಿಗಲಿಲ್ಲ. ಬಯಲಿದ್ದಲ್ಲಿ ಗೋಡೌನು, ಹಳ್ಳವಿದ್ದಲ್ಲಿ ಅಪಾರ್ಟ್‌ಮೆಂಟು. ಒಂದು ಕಡೆ ಹೊಸ ಕಟ್ಟಡದ ಪಾಯ ತೋಡುತ್ತಿದ್ದರು. ಕೆಲಸದವರು ನೆರಳಲ್ಲಿ ಕೂತು ರೊಟ್ಟಿ ಬಿಚ್ಚುತ್ತಿದ್ದರು. ನಮ್ಮ ಕಡೆಯ ಮಾತು ಕಿವಿಗೆ ಬಿತ್ತು. "ಯಾದಗಿರಿಯಾವ್ರು" ಎಂದಳು ಈರಮ್ಮ. ಅವರಿಗೆ ಕೈಯೆತ್ತಿ, "ಮುಂದಿನ ಸಲ ಟೂರಿಗೆ ಬರ್ರೆಪಾ, ಮಜ್ಜಿಗಿ ಕೊಡ್ತಾರ!" ಎಂದು ಕೂಗಿದಳು. "ರೊಟ್ಟಿ ಕೊಡ್ತಾರೇನು?" ಎಂದು ಒಬ್ಬ ಕೂಗಿದ. ಎಲ್ಲರೂ ನಕ್ಕರು.

ಅನಸೂಯಾ ನಿಂತದ್ದು ಅದರ ಎದುರಿನ ತಿರುವಿನಲ್ಲಿ. ಅಲ್ಲಿ ಹಳೇ ಕಲ್ಲಿನ ಗೋಡೆ ಬಾಗಿಕೊಂಡೇ ನಿಂತಿತ್ತು. ನನ್ನ ಕಾಲದಲ್ಲೂ ಹಾಗೇ ಬಾಗಿತ್ತು. ಎಲ್ಲ ಬದಲಾದ ಊರಿನಲ್ಲಿ ಅದೊಂದು ಬೀಳದೆ ಉಳಿದಿತ್ತು.

"ನಾವು ನಿಂತ ಈ ರೋಡಿನ ಕೆಳಗ ದೊಡ್ಡ ಪೈಪು ಐತ್ರಿ. ಎಸ್ಟೇಟಿಗೆ ಮೊದಲ ನೀರು ಬಂದಿದ್ದು ಇದರಾಗ. ತೋಡಿದಾವ್ರು ನಮ್ಮ ರಾಯಚೂರಿನ ಮಂದಿ. ಅವರ ಮೇಸ್ತ್ರಿ ಇಲ್ಲೇ ನಿಂತಾರ. ಚಪ್ಪಾಳಿ ಹೊಡೀರಿ!"

ಹೊಡೆದರು. ಅದನ್ನೇ ತೆಲುಗಿನಲ್ಲಿ ಹೇಳಿದಳು. ಮತ್ತೆ ಹೊಡೆದರು. ಎಲ್ಲರಿಗಿಂತ ಜೋರಾಗಿ ಹೊಡೆದವಳು ಈರಮ್ಮ.

"ಸರ, ನೀವ ಹೇಳ್ರಿ. ಹೆಂಗ ತೋಡಿದ್ರಿ?"

ನಾನು ಹೇಳಿದೆ. ಈರಮ್ಮನ ಕಡೆ ತಿರುಗಿ ಹೇಳಿದೆ. "ಈರಮ್ಮ, ನಿಮ್ಮವ್ವ ಯಾರ ಜೋಡೀನೂ ಹೋಗಿಲ್ಲ. ಡ್ರೈವರ್ ಅನ್ನಾಂವ ಇರಲೇ ಇಲ್ಲ. ಇಲ್ಲೇ ಕಂದಕ ಜರಿದು ಅಕಿ ಒಳಗ ಉಳದ್ಲು. ನಾನ ಇಳಿಸಿದ್ದೆ. ಇಲ್ಲೇ ಅದಾಳ, ಈ ರೋಡಿನ ಕೆಳಗ. ಊರಾಗ ನಾ ಸುಳ್ಳು ಹೇಳಿದೆ. ಆ ಸಿಂಬಿ ನನ್ನ ಹೆಂಡ್ತೀದಲ್ಲ. ನಿಮ್ಮವ್ವಂದು."

ನರಸಿಂಹುಲು ಮಾತ್ರ ನಗುಮುಖದಲ್ಲೇ, "ಮೇಡಂ, ಏಮಂಟುನ್ನಾರು ಪೆದ್ದಾಯನ?" ಎಂದು, ಹಿರಿಯರು ಏನು ಹೇಳುತ್ತಿದ್ದಾರೆಂದು ಕೇಳಿದ. ಅನಸೂಯಾ ಈರಮ್ಮನನ್ನು ನೋಡಿದಳು. ಈರಮ್ಮನ ಕೈ ತಾನಾಗಿ ನೆತ್ತಿಯ ಮೇಲೆ ಹೋಗಿ ಅಲ್ಲೇ ನಿಂತಿತ್ತು.

"ಹೇಳವ್ವ" ಎಂದಳು. "ಅವರೂ ನಡಕೊಂಡ ಬಂದಾರ."

ಅನಸೂಯಾ ತೆಲುಗಿನಲ್ಲಿ ಹೇಳಿದಳು. ನನ್ನ ಮಾತು ಬೇರೆಯವರ ಬಾಯಲ್ಲಿ, ಬೇರೆ ಭಾಷೆಯಲ್ಲಿ ಕೇಳುವಾಗ ಅದರಲ್ಲಿ ಮರೆ ಮಾಡಲು ಏನೂ ಉಳಿದಿರಲಿಲ್ಲ. ಹೆಂಗಸರು ಮಕ್ಕಳನ್ನು ಹಿಡಿದುಕೊಂಡು ರಸ್ತೆಯಿಂದ ಅಂಚಿಗೆ ಸರಿದರು. ಎಲ್ಲಿ ನಿಂತಿದ್ದೇವೆಂದು ಆಗ ಅವರಿಗೆ ಹೊಳೆದಿರಬೇಕು. ಈರಮ್ಮ ಸರಿಯಲಿಲ್ಲ. ಚಪ್ಪಲಿ ಕಳಚಿ ಪಕ್ಕಕ್ಕಿಟ್ಟಳು.

"ಆವಾಗ ಉಳಿದ ಮಂದಿ ಎಲ್ಲಿದ್ರು?" ಎಂದು ಕೇಳಿದಳು.

"ಅಲ್ಲಿ. ಗೋಡಿ ಆಚಿಗೆ. ಊಟಕ್ಕ ಕುಂತಿದ್ರು."

ಅವಳು ಗೋಡೆಯನ್ನು ನೋಡಿದಳು, ನನ್ನನ್ನು ನೋಡಿದಳು. "ಇಷ್ಟ ದೂರ?"

"ಇಷ್ಟ."

"ಸಲಿಕಿ?"

"ಅವರ ಹತ್ರ ಇದ್ವು."

"ಮಣ್ಣು ಬಿದ್ದ ಮ್ಯಾಲ ಅಕಿ ಕೂಗಿದ್ಲೇನು?"

"ಒಂದ ಸಲ. ಮೇಸ್ತ್ರೀ ಅಂದ್ಲು."

"ನನ್ನ ಹೆಸರು?"

"ಇಲ್ಲ. ಅದೂ ಸುಳ್ಳು."

ಒಂದು ಲಾರಿ ಹಾರ್ನ್ ಹಾಕುತ್ತ ಬಂತು. ಈರಮ್ಮ ದಾರಿ ಬಿಡಲಿಲ್ಲ. ಡ್ರೈವರ್ ಬೈದು, ಅವಳ ಮುಖ ಕಂಡು ಸುಮ್ಮನಾಗಿ ಸುತ್ತಿಕೊಂಡು ಹೋದ.

"ನೀ ಕೂಗಿದಿ?" ಎಂದಳು. "ಆ ಮಂದೀನ ಕೂಗಿದಿ?"

ಹುಲಿಗೆಮ್ಮ ಸತ್ತದ್ದು, ನಾನು ಸುಳ್ಳು ಹೇಳಿದ್ದು, ಇಷ್ಟೇ ನನ್ನ ತಪ್ಪೆಂದು ನನಗೆ ನಾನೇ ಹೇಳಿಕೊಂಡಿದ್ದೆ. ಕೂಗಿದ್ದರೆ ನಮ್ಮ ಜನ ಉಣ್ಣುವುದು ಬಿಟ್ಟು ಬರುತ್ತಿದ್ದರು. ಹಲಗೆ ಯಾಕೆ ಕೊಡಲಿಲ್ಲ ಎಂದು ಕೇಳುತ್ತಿದ್ದರು. ಅದಕ್ಕೆ ಹೆದರಿ ನಾನು ಅವರಿಗೆ ಕೇಳಿಸದಂತೆ, ಗೋಡೆಯ ಈ ಬದಿಯಿಂದ, ಆಫೀಸಿನ ಕಡೆ ಓಡಿದೆ. ಆಫೀಸು ದೂರವಿತ್ತು.

"ಇಲ್ಲ" ಎಂದೆ.

ಅನಸೂಯಾ ಅಳುತ್ತಿದ್ದಳು. "ಈರಮ್ಮಾ, ಪೊಲೀಸರಿಗೆ ಹೇಳಬೇಕಾಗ್ತೈತ್ರಿ" ಎಂದಳು. ನಾನು ಬರುತ್ತೇನೆ, ಬರೆದುಕೊಡುತ್ತೇನೆ ಎಂದೆ.

"ಠಾಣೆಗೆ ಆಮ್ಯಾಲ ಹೋಗೂಣು" ಎಂದಳು ಈರಮ್ಮ. ಅವಳ ದನಿ ಏರಿರಲಿಲ್ಲ. "ಮೊದಲ ಕೂಗು. ಆವಾಗ ಹೆಂಗ ಕೂಗಬೇಕಿತ್ತೋ ಹಂಗ ಕೂಗು."

ಅರ್ಥವಾಗದವನಂತೆ ನಿಂತೆ. ಅರ್ಥವಾಗಿತ್ತು.

"ಕೂಗು."

ಮೊದಲ ಸಲ ಗಾಳಿ ಮಾತ್ರ ಬಂತು. ಎರಡನೇ ಸಲ, ಎಲ್ಲಿಂದ ಬಂತೋ ಗೊತ್ತಿಲ್ಲ, ಆ ರಸ್ತೆಯ ನಡುವೆ ನಿಂತು ನಾನು ಕೂಗಿದೆ. "ಬರ್ರೋ! ಹುಲಿಗೆವ್ವ ಮಣ್ಣಾಗ ಸಿಕ್ಕಾಳ, ಬರ್ರೋ!"

ಎದುರಿನ ಪಾಯದ ಕಡೆಯಿಂದ ಊಟದ ಡಬ್ಬಿ ಬಿದ್ದ ಸದ್ದಾಯಿತು. ಆ ಯಾದಗಿರಿಯವರು, ನಾಲ್ಕೈದು ಜನ, ರಸ್ತೆಗೆ ಹಾರಿ ಓಡಿಬಂದರು. ಒಬ್ಬನ ಬಾಯಲ್ಲಿ ಇನ್ನೂ ರೊಟ್ಟಿಯಿತ್ತು. "ಎಲ್ಲಿ? ಎಲ್ರೀ? ಯಾರು ಸಿಕ್ಕಾರ?" ಎಂದು ಕೂಗುತ್ತಲೇ ಬಂದರು.

ಈರಮ್ಮ ನನ್ನ ಕಡೆ ನೋಡಲಿಲ್ಲ. ಓಡಿಬಂದವರನ್ನೇ, ಒಬ್ಬೊಬ್ಬರನ್ನಾಗಿ ನೋಡುತ್ತ ನಿಂತಳು. ಅವರಲ್ಲಿ ಮುಂದಿದ್ದವನು ಆಗಲೇ ಸಲಿಕೆಯನ್ನು ಎರಡೂ ಕೈಯಲ್ಲಿ ಹಿಡಿದು, ಎಲ್ಲಿ ಅಗೆಯಬೇಕೆಂದು ಆ ಗಟ್ಟಿ ಡಾಂಬರನ್ನು ನೋಡುತ್ತಿದ್ದ.